ಗ್ರೀಸಿನ ಹಾಯಿದೋಣಿ ಪ್ಯಾಕೇಜು: ಸ್ಯಾಂಟೋರಿನಿ ಬಿಡಿ, ಸರೋನಿಕ್ ಹಿಡಿಯಿರಿ

ಟ್ರಾವೆಲ್ಸ್ ಆಫೀಸಿನಲ್ಲಿ ಗ್ರೀಸ್ ಅಂದ ಕೂಡಲೇ ಮುಂದಿಡುವ ಫೋಟೊ ಒಂದೇ: ಬಿಳಿ ಮನೆ, ನೀಲಿ ಗುಮ್ಮಟ, ಕೆಳಗೆ ಸಮುದ್ರದಲ್ಲಿ ಒಂದು ಹಾಯಿದೋಣಿ. ಅದು ಸ್ಯಾಂಟೋರಿನಿ. ‘ಏಳು ದಿನ ಹಾಯಿದೋಣಿಯಲ್ಲಿ ಅಥೆನ್ಸ್, ಮೈಕೊನೊಸ್, ಸ್ಯಾಂಟೋರಿನಿ’ ಎಂದು ಅದರ ಕೆಳಗಿರುತ್ತದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯವರು ಐದಾರು ಮಂದಿ ಕೂಡಿ ಇಂಥದಕ್ಕೆ ಅಡ್ವಾನ್ಸ್ ಕೊಡುವ ಮೊದಲು ಒಂದು ಮಾತು. ವಾರದ ಲೆಕ್ಕದಲ್ಲಿ ದೋಣಿ ಬಾಡಿಗೆಗೆ ಕೊಡುವ ಗ್ರೀಸಿನ ವ್ಯವಸ್ಥೆ ಚೆನ್ನಾಗಿಯೇ ಇದೆ. ಹಳಿ ತಪ್ಪಿರುವುದು ಇಲ್ಲಿ ಅದಕ್ಕೆ ಕಟ್ಟುವ ದಾರಿ ಮತ್ತು ತಿಂಗಳು.

ಲೆಕ್ಕ ಸರಳ. 40–45 ಅಡಿಯ ಹಾಯಿದೋಣಿ ತಾಸಿಗೆ 6 ನಾಟಿಕಲ್ ಮೈಲು, ಅಂದರೆ ಸುಮಾರು 11 ಕಿ.ಮೀ. ಹೋಗುತ್ತದೆ, ಸೈಕಲ್ಲಿಗಿಂತ ನಿಧಾನ. ಅಥೆನ್ಸ್‌ನಿಂದ ಸ್ಯಾಂಟೋರಿನಿಗೆ ಸುಮಾರು 120 ಮೈಲು. ಒಂದು ದಿಕ್ಕಿಗೇ 20 ತಾಸು ಬೇಕು. ಹೋಗುವಾಗ ಉತ್ತರದ ಗಾಳಿ ಬೆನ್ನಿಗೆ ಇರುತ್ತದೆ, ಎಲ್ಲರೂ ನಗುತ್ತ ಫೋಟೊ ತೆಗೆಯುತ್ತಾರೆ. ಬರುವಾಗ ಅದೇ ಗಾಳಿ ಮುಖಕ್ಕೆ. ಗಾಳಿಗೆ ಎದುರಾಗಿ ನೇರ ಹೋಗಲು ಯಾವ ಹಾಯಿಗೂ ಆಗುವುದಿಲ್ಲ. ಎಡಕ್ಕೊಮ್ಮೆ ಬಲಕ್ಕೊಮ್ಮೆ ಸುಮಾರು 45 ಡಿಗ್ರಿ ಓರೆಯಾಗಿ ಸಾಗಬೇಕು. ಆಗ ದಾರಿ ಒಂದೂವರೆ ಪಟ್ಟಿನ ಹತ್ತಿರ ಬೆಳೆಯುತ್ತದೆ. ಇಂಜಿನ್ ಹಚ್ಚಿ ನೇರ ಹೋಗೋಣವೆಂದರೆ ತೆರೆಗಳು ಮೂತಿಗೆ ಬಡಿದು ವೇಗ 3–4 ಮೈಲಿಗೆ ಇಳಿಯುತ್ತದೆ. ಹೊಸಬರಿಗೆ ದಿನಕ್ಕೆ ನಾಲ್ಕೈದು ತಾಸಿನ ಪ್ರಯಾಣ ಹಿತ. ಎಂಟನೇ ತಾಸಿಗೆ ಒಳಗಿನದೆಲ್ಲ ಹೊರಗೆ ಬಂದಿರುತ್ತದೆ.

ಇಷ್ಟು ಪಾಡುಪಟ್ಟು ಸ್ಯಾಂಟೋರಿನಿ ಮುಟ್ಟಿದರೆ ದೋಣಿ ನಿಲ್ಲಿಸಲು ಜಾಗ ಇಲ್ಲ. ಫೋಟೊದಲ್ಲಿ ಕಾಣುವುದು ಜ್ವಾಲಾಮುಖಿಯ ಕುಸಿದ ಬಾಯಿ. ಅದರ ಆಳ 300 ಮೀಟರಿಗೂ ಮಿಕ್ಕಿ, ದೋಣಿಯ ಲಂಗರಿನ ಸರಪಳಿ 50–60 ಮೀಟರು. ದಕ್ಷಿಣದಲ್ಲಿ ವ್ಲಿಹಾಡಾ ಎಂಬ ಚಿಕ್ಕ ಬಂದರಿದೆ. ಅದರ ಬಾಯಿಗೆ ಮರಳು ತುಂಬಿಕೊಳ್ಳುತ್ತಿರುತ್ತದೆ, ಒಳಗೆ ಜಾಗ ಸಿಗುವ ಖಾತ್ರಿಯೂ ಇಲ್ಲ. ಸ್ಯಾಂಟೋರಿನಿ ನೋಡಲೇಬೇಕೆಂದರೆ ಅಥೆನ್ಸ್‌ನ ಪಿರೇಯಸ್ ಬಂದರಿನಿಂದ ವೇಗದ ಫೆರಿ ಹಿಡಿಯಿರಿ, ಐದಾರು ತಾಸಿನಲ್ಲಿ ಮುಟ್ಟಿಸುತ್ತದೆ. ಹಾಯಿದೋಣಿಯ ವಾರವನ್ನು ಅದಕ್ಕೆ ಸುರಿಯಬೇಡಿ.

ಇನ್ನು ತಿಂಗಳು. ಏಜಿಯನ್ ಸಮುದ್ರದ ಬೇಸಿಗೆಯ ದೊರೆ ಮೆಲ್ತೆಮಿ ಗಾಳಿ. ಜೂನ್ ಕೊನೆಯಿಂದ ಸೆಪ್ಟೆಂಬರ್ ತನಕ ಉತ್ತರದಿಂದ ಬೀಸುತ್ತದೆ, ಜುಲೈ-ಆಗಸ್ಟ್‌ನಲ್ಲಿ ಜೋರು. ಹಳೆಯ ಗ್ರೀಕರು ಇದನ್ನು ‘ಎಟೆಸಿಯನ್’ ಅಂದರು, ವರ್ಷವರ್ಷ ಬರುವ ಗಾಳಿ ಎಂದು. ಬೆಳಗಾವಿಯಲ್ಲಿ ಕೊಡೆ ಮಡಚಲು ಬಿಡದೆ ಮಳೆ ಹೊಡೆಯುವ ತಿಂಗಳುಗಳೂ ಅವೇ, ಅದು ಕಾಕತಾಳೀಯ ಅಲ್ಲ. ನಮ್ಮ ಮುಂಗಾರನ್ನು ಒಳಗೆ ಎಳೆಯುವ ಕಡಿಮೆ ಒತ್ತಡದ ಪಟ್ಟಿ ವಾಯವ್ಯ ಭಾರತ, ಪಾಕಿಸ್ತಾನದಿಂದ ಪಶ್ಚಿಮಕ್ಕೆ ಚಾಚುತ್ತ ಟರ್ಕಿಯ ತನಕ ಹೋಗುತ್ತದೆ. ಬಾಲ್ಕನ್ ಕಡೆ ಒತ್ತಡ ಹೆಚ್ಚು, ಟರ್ಕಿ ಕಡೆ ಕಡಿಮೆ; ನಡುವಿನ ಏಜಿಯನ್ ಓಣಿಯಲ್ಲಿ ಗಾಳಿ ನುಗ್ಗುತ್ತದೆ. ಇಲ್ಲಿ ಮಳೆ, ಅಲ್ಲಿ ಮೋಡವೇ ಇಲ್ಲದ ಬಿಸಿಲಿನಲ್ಲಿ ಬಿರುಗಾಳಿ, ಆದರೆ ಎರಡರ ಬೇರೂ ಒಂದೇ ಕಡೆ.

ಮೋಸ ಇರುವುದು ಆ ಬಿಸಿಲಿನಲ್ಲೇ. ಮೋಡ, ಗುಡುಗು ಯಾವ ಮುನ್ಸೂಚನೆಯೂ ಇಲ್ಲದೆ ಗಾಳಿ ಬೊಫೋರ್ಟ್ ಅಳತೆಯಲ್ಲಿ (ಗಾಳಿಯ ಜೋರು ಹೇಳುವ ಅಂಕ) 5ರಿಂದ 7 ತಲುಪುತ್ತದೆ. 6 ಅಂದರೆ ತಾಸಿಗೆ 39–49 ಕಿ.ಮೀ., 7 ಅಂದರೆ 50–61. ಹಿಡಿದರೆ ದಿನಗಟ್ಟಲೆ ಬಿಡುವುದಿಲ್ಲ. ‘ದ್ವೀಪದ ಮರೆಗೆ ಹೋದರೆ ಗಾಳಿ ತಪ್ಪುತ್ತದೆ’ ಎಂಬ ಹೊಸಬರ ಲೆಕ್ಕವೂ ಇಲ್ಲಿ ನಡೆಯುವುದಿಲ್ಲ. ಆಂಡ್ರೋಸ್, ತಿನೋಸ್, ಅಮೋರ್ಗೋಸ್‌ನಂಥ ಎತ್ತರದ ದ್ವೀಪಗಳ ದಕ್ಷಿಣಕ್ಕೆ ಗಾಳಿ ಗುಡ್ಡ ಹತ್ತಿ ಇಳಿಜಾರಿನಲ್ಲಿ ಧುಮುಕುತ್ತದೆ. ಬಯಲಿಗಿಂತ ಅಲ್ಲೇ ಏಟು ಜೋರು. ಜುಲೈ-ಆಗಸ್ಟ್‌ನ ಸೈಕ್ಲಡೀಸ್ (ಮೈಕೊನೊಸ್, ಸ್ಯಾಂಟೋರಿನಿ ಇರುವ ದ್ವೀಪಗಳ ಗುಂಪು) ಪ್ಯಾಕೇಜಿಗೆ ನಮ್ಮ ಅಂಕ 5ಕ್ಕೆ 2. ಬಾಡಿಗೆ ಆಗಲೇ ದುಬಾರಿ, ವಾರದಲ್ಲಿ ಎರಡು ಮೂರು ದಿನ ಬಂದರಿನಲ್ಲೇ ಕಟ್ಟಿಹಾಕಿಕೊಂಡು ಕೂರುವ ಸಂಭವವೂ ಆಗಲೇ.

ನಮ್ಮ ಶಾಲೆಗಳ ರಜೆ ಇಲ್ಲಿ ವರವಾಗಿ ಬರುತ್ತದೆ. ಏಪ್ರಿಲ್‌ನಲ್ಲಿ ನೀರು ತಣ್ಣಗೆ, ಮಕ್ಕಳು ಇಳಿಯುವುದಿಲ್ಲ. ಆದರೆ ಮೇ ಕೊನೆಯ ವಾರಗಳಲ್ಲಿ ಗಾಳಿ ಸೌಮ್ಯ, ಬಂದರು ಖಾಲಿ, ಬಾಡಿಗೆ ಆಗಸ್ಟ್‌ಗಿಂತ ಬಹಳ ಕಡಿಮೆ. ದಸರಾ ರಜೆಯೂ ಒಳ್ಳೆಯದು, ಬೇಸಿಗೆಯೆಲ್ಲ ಕಾದ ನೀರು ಬೆಚ್ಚಗೇ ಇರುತ್ತದೆ. ದೀಪಾವಳಿಗೆ ಬೇಡ; ಆಗ ದಕ್ಷಿಣದ ಗಾಳಿ, ಗುಡುಗು-ಮಳೆ ಶುರು.

ದಾರಿಗೆ ನಮ್ಮ ಆಯ್ಕೆ ಅಥೆನ್ಸ್‌ನ ಮಗ್ಗುಲಿನ ಸರೋನಿಕ್ ಕೊಲ್ಲಿ: ಏಜಿನಾ, ಎಪಿಡಾರಸ್, ಪೋರೋಸ್, ಹೈಡ್ರಾ. ಅಥೆನ್ಸ್ ಇರುವ ಅಟ್ಟಿಕಾದ ನೆಲ ಉತ್ತರಕ್ಕೆ ಗೋಡೆಯಂತಿರುವುದರಿಂದ ಮೆಲ್ತೆಮಿಯ ಏಟು ಇಲ್ಲಿ ಕಡಿಮೆ, ಒಂದು ಬಂದರಿನಿಂದ ಇನ್ನೊಂದಕ್ಕೆ ಎರಡು ಮೂರು ತಾಸು. ಇದಕ್ಕೆ 5ಕ್ಕೆ ನಾಲ್ಕೂವರೆ. ತೀರಾ ಚಿಕ್ಕ ಮಕ್ಕಳಿದ್ದರೆ ಪಶ್ಚಿಮದ ಅಯೋನಿಯನ್ ಸಮುದ್ರದ ಲೆಫ್ಕಾಡಾ ದ್ವೀಪ ಇನ್ನೂ ಮೆತ್ತಗೆ. ಅಲ್ಲಿನ ಮಾಯಿಸ್ತ್ರೋ ಗಾಳಿ ಮಧ್ಯಾಹ್ನ ಎದ್ದು ಸಂಜೆಗೆ ಮಲಗುತ್ತದೆ. ಅಥೆನ್ಸ್‌ನಿಂದ ಮತ್ತೆ ಪ್ರಯಾಣ ಮಾಡಬೇಕು, ಅದೊಂದೇ ಕೊರತೆ.

ದೋಣಿ ಹೊರಡುವ ಅಥೆನ್ಸ್‌ನ ಅಲಿಮೋಸ್ ಮರೀನಾದಿಂದ (ಹಾಯಿದೋಣಿಗಳ ಬಂದರು) ಏಜಿನಾಕ್ಕೆ ಸುಮಾರು 16 ಮೈಲು, ಮೂರು ತಾಸಿನ ಹಾದಿ. ಬಲಗಡೆ ಕಾಣುವ ಗುಡ್ಡಸಾಲು ಸಲಾಮಿಸ್. ಕ್ರಿ.ಪೂ. 480ರಲ್ಲಿ ಪರ್ಷಿಯಾದ ನೌಕಾಪಡೆ ಮುರಿದದ್ದು ಅಲ್ಲಿ. ಗ್ರೀಕರ ಸೇನಾನಿ ಥೆಮಿಸ್ಟೊಕ್ಲಿಸ್ ಬೆಳಗಿನ ಗಾಳಿ ಏಳುವ ತನಕ ಕಾದ. ತಗ್ಗಿನ ಗ್ರೀಕ್ ಹಡಗುಗಳಿಗೆ ಅದು ತಾಗಲಿಲ್ಲ, ಎತ್ತರದ ಅಟ್ಟದ ಪರ್ಷಿಯನ್ ಹಡಗುಗಳನ್ನು ಅದು ಅಡ್ಡ ತಿರುಗಿಸಿತು ಎಂದು ಹಳೆಯ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿದ್ದಾನೆ. ಇದನ್ನು ಇತಿಹಾಸ ಎಂದು ಬದಿಗಿಡಬೇಡಿ. ಈಗಿನ ಬಾಡಿಗೆ ದೋಣಿಗಳ ಪಕ್ಕೆಯೂ ಎತ್ತರ, ಬಂದರಿನಲ್ಲಿ ನಿಧಾನವಾದ ಕೂಡಲೇ ಅಡ್ಡಗಾಳಿ ಅವನ್ನೂ ಹಾಗೇ ತಿರುಗಿಸುತ್ತದೆ.

ಆದ್ದರಿಂದ ಬಂದರಿನ ಕಟ್ಟೆಗೆ ದೋಣಿ ಕಟ್ಟುವ ಕೆಲಸ ಗೊತ್ತಿರಲಿ. ಕ್ಯಾಪ್ಟನ್ ಇದ್ದರೂ ಹಗ್ಗ ಹಿಡಿಯುವವರು ನೀವೇ, ವಾರದ ಜಗಳಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದೂ ಇಲ್ಲಿಯೇ. ಗ್ರೀಸಿನಲ್ಲಿ ದೋಣಿಯ ಹಿಂಬದಿಯನ್ನು ಕಟ್ಟೆಗೆ, ಮುಂಬದಿಯನ್ನು ನೀರಿನಲ್ಲಿ ಲಂಗರಿಗೆ ಕಟ್ಟುತ್ತಾರೆ. ಒಳಗೆ ಬರುವ ಮೊದಲೇ ಎರಡೂ ಪಕ್ಕೆಗೆ ರಬ್ಬರ್ ಫೆಂಡರ್ (ಬಡಿತ ತಡೆಯುವ ದಿಂಬು) ಇಳಿಬಿಡಬೇಕು, ಹಿಂದಿನ ಎರಡೂ ಹಗ್ಗ ಸಿಕ್ಕಿಲ್ಲದೆ ಸುತ್ತಿಟ್ಟಿರಬೇಕು. ಕಟ್ಟೆಯಿಂದ ದೋಣಿಯ ಮೂರು ನಾಲ್ಕು ಉದ್ದ ದೂರದಲ್ಲಿ ಲಂಗರು ಬಿಟ್ಟು ಹಿಂದಕ್ಕೆ ಸರಿಯುತ್ತಾರೆ. 6 ಮೀಟರ್ ಆಳವಿದ್ದರೆ ಕಡಿಮೆಯೆಂದರೂ 30, ಸಾಧ್ಯವಿದ್ದರೆ 40 ಮೀಟರ್ ಸರಪಳಿ ನೆಲದ ಮೇಲೆ ಮಲಗಬೇಕು. ಯಾಕೆಂದರೆ ಲಂಗರು ಹಿಡಿಯುವುದು ತೂಕದಿಂದಲ್ಲ, ಅಡ್ಡ ಎಳೆತದಿಂದ. ಸರಪಳಿ ಕಡಿಮೆಯಾದರೆ ಎಳೆತ ಮೇಲ್ಮುಖವಾಗಿ ಲಂಗರು ಕಿತ್ತು ಬರುತ್ತದೆ. ಸರಪಳಿಯ ಬಟನ್ ಹಿಡಿದವರು ಹೆದರಿ ನಡುವೆ ನಿಲ್ಲಿಸಿದರೆ ಮೂತಿ ಗಕ್ಕನೆ ನಿಂತು ಹಿಂಬದಿ ಪಕ್ಕದ ದೋಣಿಯ ಮೇಲೆ ಹೋಗುತ್ತದೆ. ಕಟ್ಟೆ ಮೂರು ನಾಲ್ಕು ಮೀಟರ್ ಇರುವಾಗ ಸರಪಳಿ ಹಿಡಿದು ಲಂಗರು ಕಚ್ಚಿದೆಯೇ ನೋಡಬೇಕು. ಗಾಳಿ ಬರುವ ಕಡೆಯ ಹಗ್ಗ ಮೊದಲು, ಇನ್ನೊಂದು ಆಮೇಲೆ. ಹಗ್ಗದ ತುದಿ ನೀರಿಗೆ ಬಿದ್ದರೆ ಪ್ರೊಪೆಲ್ಲರಿಗೆ ಸುತ್ತಿಕೊಳ್ಳುತ್ತದೆ. ಮುಳುಗುಗಾರನನ್ನು ಕರೆಸಿದ ಖರ್ಚು ನಿಮ್ಮದು.

ಲಂಗರು ಎತ್ತುವಾಗ ಇಂಜಿನ್ ಚಾಲೂ ಇರಲಿ, ಇಲ್ಲವಾದರೆ ಸರಪಳಿ ಎಳೆಯುವ ಮೋಟಾರು ಬ್ಯಾಟರಿ ಹೀರಿ ಫ್ಯೂಸ್ ಬೀಳುತ್ತದೆ. ಆ ಬ್ರೇಕರ್ ಎಲ್ಲಿದೆ ಎಂದು ಮೊದಲ ದಿನವೇ ಕೇಳಿಟ್ಟುಕೊಳ್ಳಿ. ಎಷ್ಟೋ ದೋಣಿಗಳಲ್ಲಿ ಅದು ಹಾಸಿಗೆಯ ಕೆಳಗೆ ಅಡಗಿರುತ್ತದೆ.

ಹೈಡ್ರಾ ಎಲ್ಲರಿಗೂ ಬೇಕು. ಗಾಡಿಗಳೇ ಇಲ್ಲದ ಊರು, ಸಾಮಾನು ಹೊರುವುದು ಕತ್ತೆ-ಹೇಸರಗತ್ತೆ. 1821ರ ಸ್ವಾತಂತ್ರ್ಯ ಯುದ್ಧದಲ್ಲಿ ಗ್ರೀಕರ ಹಡಗುಪಡೆಗೆ ದೊಡ್ಡ ಪಾಲು ಕೊಟ್ಟ ದ್ವೀಪ. ಬಂದರಿನ ಸುತ್ತ ಇರುವ ಕಲ್ಲಿನ ವಾಡೆಗಳು ಆ ಹಡಗು ಮಾಲೀಕರವು. ಆದರೆ ಬಂದರು ಅಂಗಳದಷ್ಟು. ಮಧ್ಯಾಹ್ನ ಒಂದು ಗಂಟೆಯೊಳಗೆ ಮುಟ್ಟದಿದ್ದರೆ ಕಟ್ಟೆ ಸಿಗುವುದಿಲ್ಲ, ದೋಣಿಗೆ ದೋಣಿ ಕಟ್ಟಿಕೊಂಡು ಎರಡು ಮೂರು ಸಾಲು ನಿಲ್ಲುತ್ತವೆ. ಬೆಳಿಗ್ಗೆ ಎಲ್ಲರ ಸರಪಳಿ ಜಡೆ ಹೆಣೆದಿರುತ್ತದೆ. ನಿಮ್ಮ ಲಂಗರಿನ ಜೊತೆ ಬೇರೆಯವರ ಸರಪಳಿ ಮೇಲೆ ಬಂದರೆ ಕೈ ಹಾಕಬೇಡಿ. ಒಂದು ಹಗ್ಗವನ್ನು ಆ ಸರಪಳಿಯ ಅಡಿಯಿಂದ ತೂರಿಸಿ ಎರಡೂ ತುದಿ ದೋಣಿಗೆ ಬಿಗಿದು, ನಿಮ್ಮ ಲಂಗರನ್ನು ಅರ್ಧ ಮೀಟರ್ ಇಳಿಸಿದರೆ ಅದು ತಾನೇ ಬಿಡಿಸಿಕೊಳ್ಳುತ್ತದೆ. ಆಮೇಲೆ ಹಗ್ಗದ ಒಂದು ತುದಿ ಬಿಡುವುದು. ಶನಿವಾರ-ಭಾನುವಾರ ಹೈಡ್ರಾ ಬೇಡವೇ ಬೇಡ. ವಾರದ ನಡುವೆ ಹೋಗಿ, ಇಲ್ಲವಾದರೆ ಎದುರು ತೀರದ ಎರ್ಮಿಯೋನಿಯಲ್ಲಿ ದೋಣಿ ಕಟ್ಟಿ ಫೆರಿಯಲ್ಲಿ ಹೋಗಿ ಬನ್ನಿ. ಪೋರೋಸ್ ಸಲೀಸು, ಕಟ್ಟೆ ಉದ್ದ. ಎದುರಿನ ಗಲಾಟಾಸ್ ಬದಿಗೆ ನೀರು ತೆಳು, ಪೋರೋಸ್ ಬದಿಗೆ ಅಂಟಿ ಸಾಗಬೇಕು, ಅಷ್ಟೇ.

ಎಪಿಡಾರಸ್‌ನ ಹಳೆಯ ಬಂದರಿನ ಹತ್ತಿರ, ಎರಡು ಮೀಟರ್ ನೀರಿನ ಕೆಳಗೆ ರೋಮನ್ ಕಾಲದ ಮನೆಯ ಗೋಡೆಗಳು ಮಲಗಿವೆ. ಈಜುವ ಕನ್ನಡಕ ಕಟ್ಟಿಕೊಂಡು ತೇಲಿದರೆ ಸಾಕು, ಕಾಣುತ್ತವೆ. ಬಂದರಿನಿಂದ ಟ್ಯಾಕ್ಸಿಯಲ್ಲಿ ಒಳನಾಡಿಗೆ ಹೋದರೆ ಕ್ರಿ.ಪೂ. 4ನೇ ಶತಮಾನದ ಬಯಲು ರಂಗಮಂದಿರ, 55 ಸಾಲು ಕಲ್ಲಿನ ಮೆಟ್ಟಿಲು. ವಿಜಯಪುರದವರು ಗೋಲಗುಮ್ಮಟದ ಲೆಕ್ಕದಲ್ಲಿ ಚಪ್ಪಾಳೆ ತಟ್ಟಿ ಪ್ರತಿಧ್ವನಿ ಕಾಯಬಾರದು. ಗುಮ್ಮಟದಲ್ಲಿ ದನಿ ಗೋಡೆಗೆ ಬಡಿದು ಮತ್ತೆ ಮತ್ತೆ ಮರಳಿ ಬರುತ್ತದೆ. ಇಲ್ಲಿ ಮೇಲೆ ಆಕಾಶ, ಮರಳಲು ಚಾವಣಿಯೇ ಇಲ್ಲ. ನಡುವೆ ನಿಂತು ಆಡಿದ ಮಾತು ಕೊನೆಯ ಮೆಟ್ಟಿಲಿಗೂ ತೊದಲದೆ ಮುಟ್ಟುತ್ತದೆ. ಪೂರ್ತಿ ವಾರದಲ್ಲಿ ಒಂದೇ ಒಂದು ಕಡೆ ನೆಲದ ಮೇಲೆ ಅರ್ಧ ದಿನ ಕಳೆಯುವುದಾದರೆ ಇಲ್ಲೇ ಕಳೆಯಿರಿ.

ದೋಣಿಯ ಗಾತ್ರದಲ್ಲಿ ಒಂದು ಹಳೆಯ ಆಟ ಇದೆ. ‘8 ಮಂದಿಗೆ’ ಎಂದು ಬರೆದ 40 ಅಡಿಯ ದೋಣಿಯಲ್ಲಿ ಕೋಣೆ ಮೂರೇ. ಉಳಿದ ಇಬ್ಬರು ಊಟದ ಮೇಜು ಇಳಿಸಿ ಅದರ ಮೇಲೆ ಮಲಗಬೇಕು. ಕ್ಯಾಪ್ಟನ್‌ಗೆ ಒಂದು ಕೋಣೆ ಕೊಡಲೇಬೇಕು. ಆರು ಮಂದಿಯಾದರೆ 45 ಅಡಿಯ, ನಾಲ್ಕು ಕೋಣೆಯ ದೋಣಿ ಎಂದು ಕರಾರಿನಲ್ಲಿ ಬರೆಸಿ. ಎರಡು ಒಡಲಿನ ಕ್ಯಾಟಮರಾನ್ ದೋಣಿ ಅಲುಗುವುದು ಕಡಿಮೆ, ಬಾಡಿಗೆ ಬಹುತೇಕ ಎರಡು ಪಟ್ಟು, ಕಿಕ್ಕಿರಿದ ಬಂದರಿನಲ್ಲಿ ಜಾಗ ಸಿಗುವುದೂ ಕಷ್ಟ.

ಮೇ ಕೊನೆಗೆ ಅಂಥ 45 ಅಡಿಯ ದೋಣಿಗೆ ವಾರಕ್ಕೆ ಸುಮಾರು 3,000 ಯೂರೊ ಹಿಡಿಯಿರಿ. ಕ್ಯಾಪ್ಟನ್‌ಗೆ ದಿನಕ್ಕೆ 200ರ ಆಸುಪಾಸು, ಏಳು ದಿನಕ್ಕೆ 1,400. ಡೀಸೆಲ್, ಬಂದರು ಶುಲ್ಕ, ಕೊನೆಯ ಸ್ವಚ್ಛತೆ, ಹಾಸಿಗೆ ಬಟ್ಟೆ ಎಲ್ಲ ಸೇರಿ 500–600. ಒಟ್ಟು 5,000ದ ಹತ್ತಿರ. ಯೂರೊಗೆ 100 ರೂಪಾಯಿ ಹಿಡಿದರೆ ಆರು ಮಂದಿಗೆ ತಲಾ 83 ಸಾವಿರ. ವಿಮಾನ, ವೀಸಾ, ಊಟ ಬೇರೆ. ಇಲ್ಲಿ ಹೇಳುವ ಪ್ಯಾಕೇಜ್ ದರವನ್ನು ಇದರ ಪಕ್ಕಕ್ಕಿಟ್ಟು ನೋಡಿ, ನಡುವಿನವರ ಪಾಲು ಎಷ್ಟೆಂದು ತಿಳಿಯುತ್ತದೆ. ಇದರ ಮೇಲೆ 2,000ದಿಂದ 4,000 ಯೂರೊ ಠೇವಣಿಯನ್ನು ಕ್ರೆಡಿಟ್ ಕಾರ್ಡಿನಲ್ಲಿ ತಡೆಹಿಡಿಯುತ್ತಾರೆ. ನಮ್ಮ ಕಾರ್ಡುಗಳಲ್ಲಿ ವಿದೇಶಿ ವಹಿವಾಟು ಬಂದ್ ಆಗಿರುವುದೇ ಹೆಚ್ಚು. ಹೊರಡುವ ಮೊದಲು ಬ್ಯಾಂಕಿನ ಆ್ಯಪ್‌ನಲ್ಲಿ ಚಾಲೂ ಮಾಡಿ ಮಿತಿಯನ್ನೂ ಏರಿಸಿಟ್ಟುಕೊಳ್ಳಿ. ಶನಿವಾರ ಸಂಜೆ ಕಟ್ಟೆಯ ಮೇಲೆ ಕಾರ್ಡ್ ನಡೆಯದಿದ್ದರೆ ದೋಣಿಯ ಕೀಲಿ ಕೊಡುವುದಿಲ್ಲ.

ಕ್ಯಾಪ್ಟನ್ ಬೇಡ, ನಾವೇ ನಡೆಸುತ್ತೇವೆ ಎನ್ನುವವರಿಗೆ: ಗ್ರೀಸಿನಲ್ಲಿ ಮಾನ್ಯವಾದ ಹಾಯಿ ಲೈಸೆನ್ಸ್ ಒಬ್ಬರಿಗೆ, ಜೊತೆಗೆ ಅನುಭವವಿದ್ದ ಎರಡನೆಯವರು ಬೇಕು. ಆಲಮಟ್ಟಿ ಹಿನ್ನೀರಿನಲ್ಲಿ ಮೋಟಾರ್ ಬೋಟ್ ಓಡಿಸಿದ್ದು ಲೆಕ್ಕಕ್ಕೆ ಬರುವುದಿಲ್ಲ. ಕ್ಯಾಪ್ಟನ್ ಬಾಡಿಗೆ ಕಾರಿನ ಡ್ರೈವರ್ ಅಲ್ಲ ಅನ್ನುವುದೂ ತಲೆಯಲ್ಲಿರಲಿ. ಅವರ ಊಟ ನಿಮ್ಮ ಖರ್ಚು, ಅಡುಗೆ-ಪಾತ್ರೆ ಅವರ ಕೆಲಸವಲ್ಲ, ‘ಇವತ್ತು ಹೊರಡುವುದಿಲ್ಲ’ ಎಂದರೆ ಅದೇ ಕೊನೆಯ ಮಾತು.

ಊಟದ ವಿಷಯದಲ್ಲಿ ನಮ್ಮ ಕಡೆಯವರು ಸುಮ್ಮನೆ ಹೆದರುತ್ತಾರೆ. ಸಸ್ಯಾಹಾರಿಗಳಿಗೆ ಗ್ರೀಸ್ ಒಳ್ಳೆಯ ದೇಶ: ‘ಫಾವಾ’ ಅಂದರೆ ಹಳದಿ ಬೇಳೆಯನ್ನು ಅರೆದು ಎಣ್ಣೆ-ಉಳ್ಳಾಗಡ್ಡಿ ಹಾಕಿದ್ದು, ‘ಗಿಗಾಂತೆಸ್’ ದೊಡ್ಡ ಬಿಳಿ ಕಾಳು ಟೊಮೆಟೊದಲ್ಲಿ ಬೇಯಿಸಿದ್ದು, ‘ಹೋರ್ತಾ’ ಬೇಯಿಸಿದ ಕಾಡುಸೊಪ್ಪು. ಕ್ರೈಸ್ತರ ಉಪವಾಸದ ಊಟಕ್ಕೆ ‘ನಿಸ್ತಿಸಿಮೊ’ ಅನ್ನುತ್ತಾರೆ, ಮಾಂಸವೂ ಹಾಲೂ ಇರುವುದಿಲ್ಲ. ಆದರೆ ಎಚ್ಚರ, ಆಕ್ಟೋಪಸ್, ಸಿಗಡಿ, ಚಿಪ್ಪಿನ ಜೀವಿಗಳು ಆ ಉಪವಾಸಕ್ಕೆ ನಡೆಯುತ್ತವೆ. ಪದ ನಂಬಿ ಕೂರಬೇಡಿ, ತಟ್ಟೆಯಲ್ಲಿ ಏನಿದೆ ಎಂದು ಕೇಳಿ.

ಜೋಳದ ಕಡಕ್ ರೊಟ್ಟಿಯಷ್ಟು ದೋಣಿಗೆ ಒಪ್ಪುವ ತಿನಿಸು ಮತ್ತೊಂದಿಲ್ಲ. ಫ್ರಿಜ್ ಬೇಡ, ಗ್ಯಾಸ್ ಬೇಡ, ಅಲುಗಾಟದಲ್ಲೂ ಒಂದು ಕೈಯಲ್ಲಿ ತಿನ್ನಬಹುದು, ಹೊಟ್ಟೆ ತೊಳಸುವಾಗ ಒಣ ರೊಟ್ಟಿ ಚೂರು ನಿಜಕ್ಕೂ ಆಸರೆ. ಆದರೆ ಸಮುದ್ರದ ತೇವಕ್ಕೆ ಒಂದೇ ರಾತ್ರಿಯಲ್ಲಿ ಮೆತ್ತಗಾಗುತ್ತದೆ. ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿ ಹತ್ತು ಹತ್ತರಂತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಡಿ. ಶೇಂಗಾ, ಅಗಸಿ, ಗುರೆಳ್ಳು ಚಟ್ನಿ ಪುಡಿ ಮಾಡಿಸಿಯೇ ಒಯ್ಯಿರಿ, ಸಮುದ್ರದ ಮೇಲೆ ಮಿಕ್ಸರ್ ತಿರುಗುವಷ್ಟು ಕರೆಂಟ್ ಇರುವುದಿಲ್ಲ. ಬೆಳಗಾವಿಯ ಕುಂದಾ ಮಾತ್ರ ಮನೆಯಲ್ಲೇ ತಿಂದು ಹೊರಡಿ. ಹಾಲು-ಮಾಂಸದ ಪದಾರ್ಥಗಳನ್ನು ಹೊರಗಿನವರು ಯುರೋಪಿನ ಒಕ್ಕೂಟದೊಳಗೆ ಒಯ್ಯುವಂತಿಲ್ಲ, ಖವಾ ಸಿಕ್ಕರೆ ಕಸದ ಬುಟ್ಟಿಗೆ ಹೋಗುತ್ತದೆ.

ಕುಡಿಯುವ ನೀರು ಬಾಟಲಿಯಲ್ಲಿ. ತೊಟ್ಟಿಯ ನೀರು 400–500 ಲೀಟರ್, ಏಳು ಮಂದಿ ತಲಾ 10 ಲೀಟರ್ ಬಳಸಿದರೆ ಆರೇಳು ದಿನ, ಊರಿನ ಹಾಗೆ ಸ್ನಾನ ಮಾಡಿದರೆ ಎರಡೇ ದಿನ. ಸಂಡಾಸಿನ ಕೊಳವೆ ಸಣ್ಣದು. ಅಲ್ಲಿ ಸಿಕ್ಕಿಕೊಳ್ಳುವುದು ಬಹುತೇಕ ಕಾಗದ, ಆದ್ದರಿಂದ ನಮ್ಮ ತಂಬಿಗೆ ಪದ್ಧತಿಯೇ ಇಲ್ಲಿ ಮೇಲು. ಬಂದರಿನಲ್ಲಿ ಮುಚ್ಚಿದ ಮಲದ ತೊಟ್ಟಿಯ ಕವಾಟವನ್ನು ದಡದಿಂದ ದೂರ ಹೋದ ಮೇಲೆ ತೆರೆಯಲು ಮರೆತರೆ, ತುಂಬಿದ ತೊಟ್ಟಿಗೆ ಮತ್ತೆ ಪಂಪ್ ಹೊಡೆದವರ ಮೇಲೆ ಪೈಪ್ ಬಿಚ್ಚಿಕೊಳ್ಳುತ್ತದೆ.

ಸೂಟ್‌ಕೇಸ್ ಇಡಲು ಜಾಗವಿಲ್ಲ, ಮಡಚುವ ಬಟ್ಟೆಯ ಚೀಲ ತನ್ನಿ. ವಾಂತಿಯ ಗುಳಿಗೆ ವೈದ್ಯರನ್ನು ಕೇಳಿ ಹೊರಡುವ ಮೊದಲೇ ತೆಗೆದುಕೊಳ್ಳಬೇಕು, ಶುರುವಾದ ಮೇಲೆ ಒಳಗೆ ನಿಲ್ಲುವುದಿಲ್ಲ. ಕೆಳಗಿನ ಕೋಣೆಗೆ ಹೋಗಿ ಮೊಬೈಲ್ ನೋಡಿದವರು ಮೊದಲು ಬೀಳುತ್ತಾರೆ. ಮೇಲೆ ಕುಳಿತು ದಿಗಂತ ನೋಡಿ, ಸಾಧ್ಯವಾದರೆ ಚುಕ್ಕಾಣಿ ಕೈಗೆ ತೆಗೆದುಕೊಳ್ಳಿ.

ಗ್ರೀಸಿಗೆ ಬೇಕಾದ ಶೆಂಗೆನ್ ವೀಸಾಕ್ಕೆ ದೊಡ್ಡವರಿಗೆ 90 ಯೂರೊ, 30,000 ಯೂರೊ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು; ಮೇ ಪ್ರವಾಸಕ್ಕೆ ಜನವರಿ-ಫೆಬ್ರವರಿಯಲ್ಲೇ ಹಾಕಿಬಿಡಿ. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಬೆಂಗಳೂರು ಅಥವಾ ಮುಂಬೈ, ಅಲ್ಲಿಂದ ಗಲ್ಫ್ ಇಲ್ಲವೇ ಇಸ್ತಾಂಬುಲ್ ಮೇಲೆ ಅಥೆನ್ಸ್. ದೋಣಿ ಕೈಗೆ ಬರುವುದು ಶನಿವಾರ ಸಂಜೆ ಐದರ ಸುಮಾರಿಗೆ, ಆದರೂ ಶುಕ್ರವಾರವೇ ಮುಟ್ಟಿರಿ. ಬ್ಯಾಗ್ ತಡವಾದರೆ ದೋಣಿ ಕಾಯುವುದಿಲ್ಲ. ಕೈಗೆ ಬಂದ ಕೂಡಲೇ ಕೆಳಗಿನ ಗೀರು, ಹರಿದ ಹಾಯಿ, ಬಾಗಿದ ಕಂಬಿ ಎಲ್ಲದರ ವಿಡಿಯೊ ತೆಗೆದು ಪಟ್ಟಿಯಲ್ಲಿ ಬರೆಸಿ.

ಮರಳುವ ದಿನ ಶುಕ್ರವಾರ, ಶನಿವಾರ ಅಲ್ಲ. ಕರಾರಿನ ಏಳು ದಿನದಲ್ಲಿ ತೇಲುವುದು ಆರೇ ದಿನ ಎಂದು ಇಲ್ಲಿ ಯಾರೂ ಹೇಳುವುದಿಲ್ಲ. ಶುಕ್ರವಾರ ಮಧ್ಯಾಹ್ನ ಮೂರರ ಮೇಲೆ ಅಲಿಮೋಸ್‌ಗೆ ಎಲ್ಲ ದೋಣಿಗಳೂ ಒಟ್ಟಿಗೆ ನುಗ್ಗುತ್ತವೆ, ಡೀಸೆಲ್‌ಗೆ ಸಾಲು ಹಚ್ಚಬೇಕಾಗುತ್ತದೆ. ಗುರುವಾರ ರಾತ್ರಿಯನ್ನು ಏಜಿನಾದಲ್ಲಿ ಕಳೆದರೆ, ಪಿಸ್ತಾ ಕೊಂಡು ಬೆಳಿಗ್ಗೆ ಹೊರಟು, ಮಧ್ಯಾಹ್ನದೊಳಗೆ ತೊಟ್ಟಿ ತುಂಬಿಸಿ ಮುಗಿಸಬಹುದು. ತುಂಬಿದ ರಶೀದಿ ಇಟ್ಟುಕೊಳ್ಳಿ. ಮುಳುಗುಗಾರ ದೋಣಿಯ ತಳ ನೋಡಿ ಬಂದ ಮೇಲೆ, ಠೇವಣಿ ಬಿಡಿಸುವ ಮೇಜಿನ ಮುಂದೆ ಮೊದಲು ಕೇಳುವುದು ಆ ರಶೀದಿಯನ್ನೇ.